ಬೇಸಿಗೆ, ಪುಲಿಕೇಶಿನಗರ ಮತ್ತು ನೆರಳಿನ ಲೆಕ್ಕ

ಮಾರ್ಚ್ ಬಂತು ಅಂದರೆ ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡೇ ವಿಷಯ. ಒಂದು, ಎಸಿ ಎಷ್ಟರಲ್ಲಿ ಇರಬೇಕು ಅನ್ನೋ ಜಗಳ. ಇನ್ನೊಂದು, ಲಾಂಗ್ ವೀಕೆಂಡಿಗೆ ಎಲ್ಲಿಗೆ ಓಡಿಹೋಗೋದು ಅನ್ನೋ ಪ್ಲಾನು. ಕೊಡಗು, ಚಿಕ್ಕಮಗಳೂರು, ಊಟಿ... ಎಕ್ಸೆಲ್ ಶೀಟ್ ತೆಗೆದು ಯಾರ ಕಾರು, ಎಷ್ಟು ಪೆಟ್ರೋಲು, ಯಾವ ಹೋಂಸ್ಟೇ ಅಂತ ಅಚ್ಚುಕಟ್ಟಾಗಿ ಬರೆದಿಡ್ತೀವಿ. ಆದರೆ ಮನೆ ಗೇಟು ದಾಟಿ ನಮ್ಮದೇ ಬೀದಿಗಳಲ್ಲಿ ಒಂದು ಗಂಟೆ ಅಡ್ಡಾಡೋದಕ್ಕೂ ಪ್ಲಾನ್ ಬೇಕು ಅಂದರೆ ಎಲ್ಲರೂ ನಗ್ತಾರೆ. "ವಾಕಿಂಗಿಗೇನೋ ಪ್ಲಾನು? ಶೂ ಹಾಕ್ಕೋ, ಹೊರಡು" ಅಂತ.

ಡಿಸೆಂಬರಿನಲ್ಲಿ ಬೇಕಿಲ್ಲ, ಒಪ್ಪಿದೆ. ಆದರೆ ಮಾರ್ಚಿಂದ ಮೇ ತನಕ ಬೆಂಗಳೂರಿನಲ್ಲಿ ಆರಾಮಾಗಿ ನಡೀಬೇಕು ಅಂದರೆ ಪ್ಲಾನ್ ಬೇಕೇ ಬೇಕು ಅನ್ನೋದು ನನ್ನ ವಾದ. ಆ ಪ್ಲಾನಿನಲ್ಲಿ ಕಿಲೋಮೀಟರು, ಹೆಜ್ಜೆ, ಕ್ಯಾಲೊರಿ ಎಲ್ಲ ಆಮೇಲೆ. ಮೊದಲು ಲೆಕ್ಕ ಹಾಕಬೇಕಾದ್ದು ನೆರಳು. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ಕೊನೆಗೆ ಇದು ಬರೀ ವಾಕಿಂಗಿನ ವಿಷಯವಾಗಿ ಉಳಿಯೋಲ್ಲ.

"ಈ ಸೆಕೆಯಲ್ಲಿ ನಡೆಯೋದೇ ಬೇಡ, ಸುಮ್ಮನೆ ಮನೇಲಿರಿ" ಅನ್ನೋರಿಗೆ ಮೊದಲು ಉತ್ತರ. ಸೆಕೆ ನಿಜ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತ್ತು. 2024ರ ಏಪ್ರಿಲ್ 28ಕ್ಕೆ 38.5. ಆ ವರ್ಷ ಏಪ್ರಿಲ್ ತಿಂಗಳು ಪೂರ್ತಿ ಮಳೆಯೇ ಇಲ್ಲ. ಮಾವಿನ ಮಳೆ ಅಂತ ಕಾದು ಕೂತಿದ್ದಷ್ಟೇ ಬಂತು. ಆದರೂ ನಮ್ಮೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ ಅನ್ನೋದನ್ನು ಮರೀಬಾರದು. ಏಪ್ರಿಲ್‌ನಲ್ಲೂ ಬೆಳಗಿನ ಜಾವ ಸಾಮಾನ್ಯವಾಗಿ 22-23ರ ಆಸುಪಾಸು ಇರುತ್ತೆ. ಚೆನ್ನೈಯವರಿಗೆ ಇದನ್ನು ಹೇಳಿ ನೋಡಿ, ಹೊಟ್ಟೆ ಉರ್ಕೋತಾರೆ. ಅಂದರೆ ದಿನಕ್ಕೆ ಮೂರು ನಾಲ್ಕು ಗಂಟೆ ಈಗಲೂ ನಮ್ಮದೇ. ಅದನ್ನು ಎಲ್ಲಿ, ಹೇಗೆ ಖರ್ಚು ಮಾಡಬೇಕು ಅನ್ನೋದಷ್ಟೇ ಪ್ರಶ್ನೆ.

ನಾನಿರೋದು ಪುಲಿಕೇಶಿನಗರದಲ್ಲಿ. ಹಾಗಂದರೆ ಆಟೋದವರು ಒಂದು ಕ್ಷಣ ಯೋಚಿಸ್ತಾರೆ. ಫ್ರೇಜರ್ ಟೌನ್ ಅಂದರೆ ತಕ್ಷಣ ಅರ್ಥ ಆಗಿ, ಮೀಟರ್ ಬಿಟ್ಟು ರೇಟ್ ಹೇಳ್ತಾರೆ :-) ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಬಾದಾಮಿಯ ಚಾಲುಕ್ಯ ದೊರೆ ಬೋರ್ಡಿನ ಮೇಲಿದ್ದಾನೆ. ಜನರ ಬಾಯಲ್ಲಿರೋದು ಸ್ಟುವರ್ಟ್ ಫ್ರೇಜರ್. ನಾಲ್ವಡಿ ಕೃಷ್ಣರಾಜ ಒಡೆಯರು ಹುಡುಗರಾಗಿದ್ದಾಗ ಅವರಿಗೆ ಗುರುವಾಗಿದ್ದು, ಮುಂದೆ ಮೈಸೂರಿಗೆ ರೆಸಿಡೆಂಟ್ ಆಗಿ ಬಂದವರು. ಬೋರ್ಡಿನವನು ಗೆಲ್ಲಬೇಕೋ ಬಾಯಿನವನು ಗೆಲ್ಲಬೇಕೋ ಅನ್ನೋ ಜಗಳಕ್ಕೆ ನಾನು ಹೋಗೋಲ್ಲ. ನನಗೆ ಇಷ್ಟವಾದ್ದು ಈ ಬಡಾವಣೆ ಹುಟ್ಟಿದ ಕಾರಣ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆ ಕಡೆ ಜನ ಇಕ್ಕಟ್ಟಿನ ಓಣಿಗಳಲ್ಲಿ ಸತ್ತರು, ದಂಡಿನ ಕಡೆಯೂ ಸತ್ತರು. ಆಮೇಲೆ ಆ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದ ಹಾಗೆ, ಈ ಕಡೆ ದಂಡು ಪ್ರದೇಶದ ಇಕ್ಕಟ್ಟು ಬಿಡಿಸೋದಕ್ಕೆ ಅಂತ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ಶುರುವಾಯ್ತು. ಜೆ.ಎಚ್. ಸ್ಟೀಫನ್ಸ್ ಅನ್ನೋ ಇಂಜಿನಿಯರು 1914ರಲ್ಲಿ 'ಪ್ಲೇಗ್-ಪ್ರೂಫ್ ಟೌನ್ ಪ್ಲಾನಿಂಗ್ ಇನ್ ಬ್ಯಾಂಗಲೋರ್' ಅಂತ ಪುಸ್ತಕವನ್ನೇ ಬರೆದರು. ಇಲಿ ಸೇರದ ಹಾಗೆ ಮನೆ ಕಟ್ಟೋದು ಹೇಗೆ, ಗಾಳಿ ಬೆಳಕು ಬರೋ ಹಾಗೆ ಬೀದಿ ಹಾಕೋದು ಹೇಗೆ ಅನ್ನೋದು ಅವತ್ತಿನ ಚಿಂತೆ. ಅಂದರೆ ನಾವು ಇವತ್ತು ಬಾಡಿಗೆ ಕಟ್ಟಿ ವಾಸ ಮಾಡ್ತಿರೋ ಈ ಜಾಗ ಮೂಲತಃ ಒಂದು ಆರೋಗ್ಯದ ಯೋಜನೆ. ಜನ ಬದುಕಿ ಉಳೀಲಿ, ಒಳ್ಳೆ ಗಾಳಿ ಕುಡೀಲಿ ಅಂತ ಹಾಕಿದ ನಕ್ಷೆ. ಇಲ್ಲಿ ಒಂದು ರಸ್ತೆಗೆ ಹೆಸರೇ ಪ್ರಾಮನೇಡ್ ರೋಡ್! ಕನ್ನಡದಲ್ಲಿ ವಾಯುವಿಹಾರದ ರಸ್ತೆ ಅಂತ ಆಗುತ್ತೆ. ಈಗ ಅಲ್ಲಿ ಶಾಲೆ ಬಿಡೋ ಹೊತ್ತಿಗೆ ವಿಹಾರ ಇರಲಿ, ವಾಯುವಿಗೂ ಜಾಗ ಇರೋಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನೋಡಿ, ಹೆಸರಿಟ್ಟವರ ತಲೆಯಲ್ಲಿ ಏನಿತ್ತು ಅಂತ ಗೊತ್ತಾಗುತ್ತೆ.

ಈ ನೆರಳಿನ ಲೆಕ್ಕ ನನ್ನ ತಲೆಗೆ ಹತ್ತಿದ್ದು ಅಮ್ಮನಿಂದ. ಅಮ್ಮ ಪ್ರತಿ ವರ್ಷ ಏಪ್ರಿಲ್‌ನಲ್ಲಿ ತಿಪಟೂರಿಂದ ಬಂದು ಎರಡು ತಿಂಗಳು ನನ್ನ ಜೊತೆ ಇರ್ತಾಳೆ. ಮಂಡಿ ನೋವು, ಬಿಪಿ ಎರಡೂ ಇದೆ. ಡಾಕ್ಟರು ದಿನಾ ನಡೀರಿ ಅಂದಿದ್ದಾರೆ. ಊರಲ್ಲಾದರೆ ಯಾರೂ ಹೇಳದೆ ನಡೀತಾಳೆ. ಇಲ್ಲಿ ಎರಡನೇ ಮಹಡಿಯ ಮನೆ, ಕೆಳಗಿಳಿದರೆ ಬಿಸಿಲು, ಹತ್ತಿದರೆ ಟಿವಿ. "ನಿಮ್ಮ ಬೆಂಗಳೂರಲ್ಲಿ ಮನೆ ಒಳಗೆ ಕೂತೇ ಕಾಲು ಹಿಡ್ಕೊಳುತ್ತೆ ಕಣೋ" ಅಂತ ಅವಳ ದೂರು. ಅವಳನ್ನು ಕರ್ಕೊಂಡು ಹೊರಟಾಗ ಮ್ಯಾಪಿನಲ್ಲಿ 'ಹತ್ತು ನಿಮಿಷ ನಡಿಗೆ' ಅಂತ ತೋರಿಸೋದು ಎಷ್ಟು ನಿಷ್ಪ್ರಯೋಜಕ ಅಂತ ತಿಳಿಯುತ್ತೆ. ಅವಳಿಗೆ ಬೇಕಾದ್ದು ಎರಡೇ ಮಾಹಿತಿ: ಎಲ್ಲಿ ನೆರಳಿದೆ, ಎಲ್ಲಿ ಕೂರಬಹುದು. ಇವೆರಡನ್ನೂ ಯಾವ ಆ್ಯಪೂ ಹೇಳೋಲ್ಲ. ದಾರಿ ಎಲ್ಲಿದೆ ಅಂತ ಮಾತ್ರ ಹೇಳುತ್ತೆ, ಅದೂ ಕಾರಿಗೆ.

ಹಾಗಾಗಿ ನಮ್ಮ ಕಸುಬಿನ ಬುದ್ಧಿ ಉಪಯೋಗಿಸಿ ಸ್ವಲ್ಪ ಲೆಕ್ಕ ಮಾಡಿದೆ. ಬೋರ್ ಅನ್ಸಿದ್ರೆ ಈ ಎರಡು ಪ್ಯಾರಾ ಹಾರಿಸಿ, ಬೇಜಾರಿಲ್ಲ.

ಬೆಂಗಳೂರು ಇರೋದು ಭೂಮಧ್ಯ ರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ವರ್ಷದಲ್ಲಿ ಎರಡು ಸಲ, ಏಪ್ರಿಲ್ 24-25ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ಬರ್ತಾನೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನೋದು. ಏಪ್ರಿಲ್‌ನಲ್ಲಿ ಹನ್ನೆರಡೂ ಕಾಲು ಆಗಿ ಒಂದೆರಡು ನಿಮಿಷಕ್ಕೆ ನೇರವಾಗಿ ನಿಲ್ಲಿಸಿದ ಕಂಬಕ್ಕೆ ನೆರಳೇ ಇರೋಲ್ಲ, ಅದರ ಬುಡದಲ್ಲೇ ಅಡಗಿಬಿಡುತ್ತೆ. ಶಾಲೆ ಮಕ್ಕಳು ಬಾಟಲಿ, ಡಬ್ಬ ಇಟ್ಟು ನೋಡಿ ಖುಷಿ ಪಡ್ತಾರೆ. ನಡೆಯೋರಿಗೆ ಅದರ ಅರ್ಥ ಬೇರೆ: ಏಪ್ರಿಲ್ ಕೊನೆಯ ಮಧ್ಯಾಹ್ನದಲ್ಲಿ ಎಷ್ಟು ಎತ್ತರದ ಕಟ್ಟಡ ಇದ್ದರೂ ಅದು ನಿಮಗೆ ಒಂದು ಅಡಿ ನೆರಳು ಕೊಡೋಲ್ಲ. ಆ ಹೊತ್ತಿಗೆ ತಲೆ ಮೇಲೆ ಹರಡಿಕೊಂಡಿರೋ ಮರ ಮಾತ್ರ ದಿಕ್ಕು.

ಬೆಳಿಗ್ಗೆ ಸಂಜೆ ಹಾಗಲ್ಲ. ತೆಂಕಣ ಬಡಗಣ ಹೋಗೋ ರಸ್ತೆಯಲ್ಲಿ ಬೆಳಿಗ್ಗೆ ಪೂರ್ವದ ಫುಟ್‌ಪಾತು, ಸಂಜೆ ಪಶ್ಚಿಮದ ಫುಟ್‌ಪಾತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಪೂರ್ವ ಪಶ್ಚಿಮದ ರಸ್ತೆಯ ವಿಷಯ. ಮೇ ತಿಂಗಳಲ್ಲಿ ಸೂರ್ಯ ಹುಟ್ಟೋದೂ ಮುಳುಗೋದೂ ಸ್ವಲ್ಪ ಉತ್ತರಕ್ಕೆ ವಾಲಿಕೊಂಡು. ಆದ್ದರಿಂದ ಉತ್ತರದ ಕಡೆ ಇರೋ ಕಾಂಪೌಂಡು, ಮನೆಗಳ ನೆರಳು ರಸ್ತೆ ಕಡೆಗೆ ಬೀಳುತ್ತೆ. ಮೇ ಮಧ್ಯದಲ್ಲಿ ಬೆಳಿಗ್ಗೆ ಎಂಟಕ್ಕೆ ಆಳೆತ್ತರದ ಗೋಡೆಯಿಂದ ಸುಮಾರು ಮೂರು ಅಡಿ ನೆರಳು ಸಿಗುತ್ತೆ. ಒಬ್ಬರು ನಡೆಯೋಕೆ ಸಾಕು. ಅಮ್ಮನ್ನ ಗೋಡೆ ಪಕ್ಕಕ್ಕೆ ಬಿಟ್ಟು ನಾನು ಹೊರಗಡೆ ನಡೀತೀನಿ. ಚಳಿಗಾಲದಲ್ಲಿ ಇದು ಉಲ್ಟಾ, ಆಗ ದಕ್ಷಿಣದ ಕಡೆ ನೆರಳು. ನಮ್ಮ ಕಾಲು ಅಭ್ಯಾಸ ಬಲದಿಂದ ವರ್ಷವಿಡೀ ಒಂದೇ ಕಡೆ ಹೋಗ್ತಿರುತ್ತೆ.

ಇನ್ನು ಹೊತ್ತು. ತುಂಬಾ ಜನ ಬಿಸಿಲು ಇಳೀಲಿ ಅಂತ ಐದು ಗಂಟೆಗೆ ಹೊರಡ್ತಾರೆ. ಬಿಸಿಲು ಇಳಿದಿರುತ್ತೆ, ಟಾರು ಇಳಿದಿರೋಲ್ಲ. ದಿನವಿಡೀ ಕಾದ ರಸ್ತೆ ಮತ್ತು ಗೋಡೆಗಳು ಕತ್ತಲಾದ ಮೇಲೂ ಬಿಸಿ ಉಗುಳ್ತಾ ಇರುತ್ತವೆ. ತಂಪು ಹೆಚ್ಚು ಇರೋದು ಸೂರ್ಯ ಹುಟ್ಟೋ ಹೊತ್ತಿಗೆ, ಅಂದರೆ ಏಪ್ರಿಲ್ ಮೇನಲ್ಲಿ ಆರು ಗಂಟೆಯ ಆಸುಪಾಸು. ರಾತ್ರಿ ಎರಡಕ್ಕೆ ಮಲಗೋ ನಮ್ಮ ಜಾತಿಯವರಿಗೆ ಇದು ಕಷ್ಟದ ಸುದ್ದಿ. ನನಗೂ ಕಷ್ಟವೇ. ಅಮ್ಮ ಇರೋ ಎರಡು ತಿಂಗಳು ಮಾತ್ರ ನಾನು ಮನುಷ್ಯರ ಟೈಮಿನಲ್ಲಿ ಏಳೋದು.

ಮರಗಳ ವಿಷಯದಲ್ಲಿ ಅಮ್ಮನಿಗೆ ನನಗಿಂತ ಹೆಚ್ಚು ಗೊತ್ತು. ಫೆಬ್ರವರಿಯಿಂದ ಶುರುವಾಗಿ ಏಪ್ರಿಲ್ ತನಕ ಬೆಂಗಳೂರಿನವರೆಲ್ಲ ಟಬೆಬುಯಾ ಹಿಂದೆ ಬಿದ್ದಿರ್ತಾರೆ. ಗುಲಾಬಿ ಹೂವು, ಹಳದಿ ಹೂವು, ಫೋನ್ ತುಂಬಾ ಅದೇ. ಅಮ್ಮ ಒಂದು ಸಲ ತಲೆ ಎತ್ತಿ ನೋಡಿ, "ಚೆನ್ನಾಗಿದೆ, ಆದ್ರೆ ಎಲೆನೇ ಇಲ್ವಲ್ಲೋ, ಇದರ ಕೆಳಗೆ ನಿಂತ್ರೆ ಏನು ಬಂತು?" ಅಂದಳು. ನೂರಕ್ಕೆ ನೂರು ಸತ್ಯ. ಎಲೆ ಉದುರಿಸಿ ಹೂ ಬಿಡೋ ಮರ ಫೋಟೋಗೆ ಒಳ್ಳೇದು, ನೆತ್ತಿಗಲ್ಲ. ಮೇ ಫ್ಲವರ್ ಕೂಡ ಅಷ್ಟೇ. ಕೆಂಪಗೆ ಉರೀತಿರುತ್ತೆ, ಕೆಳಗೆ ಚುಕ್ಕಿ ಚುಕ್ಕಿ ಬಿಸಿಲು. ಬೇಸಿಗೆಯಲ್ಲಿ ಲೆಕ್ಕಕ್ಕೆ ಬರೋದು ಹೊಂಗೆ. ಯುಗಾದಿ ಹೊತ್ತಿಗೆ ಹಳೇ ಎಲೆ ಕಳಚಿ ಎಳೆ ಹಸಿರು ತುಂಬಿಕೊಂಡು, ಸರಿಯಾಗಿ ಬಿಸಿಲು ಏರೋ ಹೊತ್ತಿಗೆ ಕೊಡೆ ಬಿಚ್ಚಿ ನಿಂತಿರುತ್ತೆ. ಆಮೇಲೆ ಮಳೆಮರ; ರಸ್ತೆಯ ಈ ಕಡೆಯಿಂದ ಆ ಕಡೆಗೆ ಚಪ್ಪರ ಹಾಕೋದು ಅದು. ಸಂಜೆ ಆಗ್ತಿದ್ದ ಹಾಗೆ ಎಲೆ ಮಡಚಿಕೊಂಡು ಮಲಗುತ್ತೆ. ಹಿಂದಿನವರು ಬೆಂಗಳೂರಿಗೆ ಮರ ಆರಿಸುವಾಗ ಹೂವಿನ ಸರದಿಯ ಜೊತೆ ನೆರಳನ್ನೂ ನೋಡಿದ್ದರು. ಈಗ ಬೇಗ ಹೂ ಬಿಡೋದು, ಕಡಿಮೆ ಜಾಗ ತಿನ್ನೋದು, ಚೆಂದ ಕಾಣೋದು ಇಷ್ಟೇ ನೋಡ್ತೀವಿ ಅನ್ಸುತ್ತೆ.

ಅಷ್ಟೆಲ್ಲ ಲೆಕ್ಕ ಬೇಡ ಅನ್ನೋರಿಗೆ ಇನ್ನೊಂದು ಸುಲಭದ ದಾರಿ ಇದೆ. ಎಳನೀರು ಗಾಡಿ ನೋಡಿ. ನಮ್ಮ ಬೀದಿ ಮೂಲೆಯ ಎಳನೀರಿನವನು ಬೆಳಿಗ್ಗೆ ಒಂದು ಕಡೆ, ಹನ್ನೊಂದಕ್ಕೆ ಎದುರು ಕಡೆ, ಎರಡು ಗಂಟೆಗೆ ಇಪ್ಪತ್ತು ಅಡಿ ಮುಂದೆ ಇರ್ತಾನೆ. ಗಾಡಿಯನ್ನು ನೆರಳಿನ ಹಿಂದೆ ತಳ್ಳಿಕೊಂಡು ಹೋಗೋದೇ ಅವನ ದಿನಚರಿ. ಆಟೋ ಸ್ಟ್ಯಾಂಡ್ ಎಲ್ಲಿದೆಯೋ ಅಲ್ಲೊಂದು ಮರ ಇರುತ್ತೆ. ತಾಟಿನಿಂಗು ಸುಲಿಯೋರು, ಚಪ್ಪಲಿ ಹೊಲಿಯೋರು, ಇಸ್ತ್ರಿ ಗಾಡಿಯವರು... ಇವರನ್ನೆಲ್ಲ ಗುರುತು ಹಾಕಿಕೊಂಡು ಹೋದರೆ ಬಡಾವಣೆಯ ನೆರಳಿನ ನಕ್ಷೆ ತಾನಾಗೇ ಸಿದ್ಧ.

ಮೊದಲ ವಾರ ನಾನೂ ಅಮ್ಮನೂ ಹೊರಟಿದ್ದು ಕೋಲ್ಸ್ ಪಾರ್ಕಿಗೆ. ಆರೂ ಕಾಲಿಗೆ ಮನೆ ಬಿಟ್ಟರೆ, ಅವಳ ನಡಿಗೆಯಲ್ಲಿ, ನಡುವೆ ಎರಡು ಕಡೆ ಕೂತು, ಪಾರ್ಕಿನ ಬೆಂಚಿಗೆ ಸೇರೋಕೆ ಅರ್ಧ ಗಂಟೆ. ನಾನೊಬ್ಬನೇ ಆದರೆ ಎಂಟು ನಿಮಿಷ. ಆ ಅರ್ಧ ಗಂಟೆಯಲ್ಲಿ ನಾನು ನೋಡಿದ್ದನ್ನು ಅದಕ್ಕೂ ಮುಂಚೆ ಮೂರು ವರ್ಷದಲ್ಲಿ ನೋಡಿರಲಿಲ್ಲ. ಹಳೇ ಮನೆಯೊಂದರ ಗೇಟಿನ ಕಂಬದ ಮೇಲೆ ಕಲ್ಲಿನಲ್ಲಿ ಕೊರೆದ ಹೆಸರು, ಪಕ್ಕದಲ್ಲಿ ಬಿಲ್ಡರಿನ ಫ್ಲೆಕ್ಸು. ಕಾಂಪೌಂಡಿಂದ ಹೊರಗೆ ಬಾಗಿದ ಮಾವಿನ ಕೊಂಬೆ, ಅದಕ್ಕೆ ಕಲ್ಲು ಹೊಡೆಯೋಕೆ ಯಾರೂ ಇಲ್ಲದ ಮಕ್ಕಳಿಲ್ಲದ ಬೀದಿ. ಬೆಳಗಿನ ಪ್ರಾರ್ಥನೆ ಮುಗಿಸಿ ಮಸೀದಿಯಿಂದ ನಿಧಾನಕ್ಕೆ ಬರೋ ಅಜ್ಜಂದಿರು, ಚರ್ಚಿಗೆ ಹೊರಟ ಅಜ್ಜಿಯರು, ಹೂವಿನ ಬುಟ್ಟಿ ಹಿಡಿದು ದೇವಸ್ಥಾನಕ್ಕೆ ಹೊರಟವರು. ಮೂರೂ ಗುಂಪಿನವರು ಕೂರೋದು ಕೊನೆಗೆ ಅದೇ ಪಾರ್ಕಿನ ಬೆಂಚುಗಳ ಮೇಲೆ, ಮಾತು ಅದೇ ಮಂಡಿ ನೋವಿನದು.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಕಡೆಯವರಿಗೆ ಕಂಟೋನ್ಮೆಂಟ್ ಅಂದರೆ ಏನೋ ಪರದೇಶ. "ಅಲ್ಲಿ ಕನ್ನಡ ಎಲ್ಲಿದೆ?" ಅಂತ ಮಾಮ ಫೋನಿನಲ್ಲಿ ಕೇಳ್ತಾರೆ. 1947ರವರೆಗೂ ಇದು ಮೈಸೂರು ಸಂಸ್ಥಾನದ ಆಡಳಿತದಲ್ಲಿ ಇರಲಿಲ್ಲ, ತಮಿಳು, ದಖನಿ ಉರ್ದು, ಇಂಗ್ಲಿಷು ಮೊದಲಿನಿಂದ ಇಲ್ಲಿಯ ಮಾತು, ಅದೆಲ್ಲ ಸರಿ. ಆದರೆ ಕನ್ನಡ ಇದೆಯೋ ಇಲ್ಲವೋ ಅಂತ ಕಾರಿನ ಗಾಜಿನ ಒಳಗಿಂದ ನೋಡಿದರೆ ಬೋರ್ಡು ಮಾತ್ರ ಕಾಣುತ್ತೆ. ಅಮ್ಮ ಎಳನೀರಿನವನ ಹತ್ತಿರ ನಿಂತ ಎರಡನೇ ದಿನಕ್ಕೆ ಅವನು "ಅಮ್ಮಾ, ಗಂಜಿ ಇರೋದಾ, ನೀರಿನದಾ?" ಅಂತ ಶುರು ಮಾಡಿ, ಕಾಯಿ ಮದ್ದೂರಿಂದ ಬರುತ್ತೆ, ಈ ಸಲ ರೇಟು ಏರಿದೆ ಅಂತ ಎಲ್ಲ ಹೇಳಿದ. ಮನೇಲಿ ಅವನು ಮಾತಾಡೋದು ದಖನಿ. ತಿಪಟೂರಿನವಳ ಮುಂದೆ ತೆಂಗಿನ ಮಾತು ತೆಗೆದರೆ ಮುಗೀತು, ಅರ್ಧ ಗಂಟೆ ಬಿಸಿಲಿಗೆ ನಿಂತುಬಿಟ್ಟರು ಇಬ್ಬರೂ. ಅಲ್ಲ, ನೆರಳಿಗೆ, ಅವನು ಗಾಡಿ ಇಟ್ಟಿದ್ದ ಜಾಗ ಅಂಥದ್ದು.

ಸಂಜೆಯ ದಾರಿ ಬೇರೆ. ಅದು ಕತ್ತಲಾದ ಮೇಲೆ, ಮಾಸ್ಕ್ ರೋಡಿನ ಕಡೆಗೆ. ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನ ಮಸೀದಿಯಿಂದಲೇ ಆ ರಸ್ತೆಗೆ ಆ ಹೆಸರು. 1902ರಿಂದ ಇರೋ ಆಲ್ಬರ್ಟ್ ಬೇಕರಿ ಅಲ್ಲೇ ಇದೆ. ಬೆಳಿಗ್ಗೆ ಹೋಗಿ ಬಾಗಿಲು ಬಡೀಬೇಡಿ, ಅದು ತೆರೆಯೋದೇ ಮಧ್ಯಾಹ್ನದ ಮೇಲೆ. ಖೋವಾ ನಾನ್ ಒಂದು ತಗೊಂಡು ಇಬ್ಬರು ಹಂಚ್ಕೊಂಡ್ರೆ ನಡೆದಿದ್ದೆಲ್ಲ ಸೊನ್ನೆ, ಲೆಕ್ಕ ಹಾಕೋರು ಹಾಕ್ಕೊಳ್ಳಿ. ರಂಜಾನ್ ತಿಂಗಳ ಸಂಜೆಗಳಲ್ಲಿ ಮಾತ್ರ ಆರಾಮಿನ ನಡಿಗೆ ಅನ್ನೋದನ್ನು ಮರೆತು ತಿನ್ನೋಕೆ ಅಂತಲೇ ಹೋಗಿ. ಭಾನುವಾರ ಬೆಳಿಗ್ಗೆ ಸ್ವಲ್ಪ ಉದ್ದದ ದಾರಿ ಹಿಡಿದು ರಿಚರ್ಡ್ಸ್ ಟೌನ್ ಕಡೆ ಹೋಗ್ತೀವಿ, ರಿಚರ್ಡ್ಸ್ ಪಾರ್ಕಿನ ದೊಡ್ಡ ಮರಗಳ ಕೆಳಗೆ ಕೂರೋದಕ್ಕೆ. ವಾಪಸ್ ಬರುವಾಗ ಆಟೋ. ಅದರಲ್ಲಿ ನಾಚಿಕೆ ಏನೂ ಇಲ್ಲ. ಹೋದಷ್ಟೇ ದೂರ ವಾಪಸ್ ನಡೀಬೇಕು ಅನ್ನೋದು ಯಾರು ಮಾಡಿದ ಕಾನೂನೋ.

"ಅದಕ್ಕೆ ಕಬ್ಬನ್ ಪಾರ್ಕ್ ಇದೆಯಲ್ಲ, ಅಲ್ಲಿಗೆ ಕರ್ಕೊಂಡು ಹೋಗು" ಅಂತ ಟೀಮಿನ ಗೆಳೆಯ ಒಬ್ಬ ಹೇಳ್ತಾನೆ. ಅವನೇ ಕಾರಿನಲ್ಲಿ ಹೋಗಿ, ಪಾರ್ಕಿಂಗ್ ಹುಡುಕಿ, ನಲವತ್ತು ನಿಮಿಷ ನಡೆದು, ಕಾರಿನಲ್ಲಿ ಬರ್ತಾನೆ. ಕಬ್ಬನ್ ಪಾರ್ಕ್ ಬಗ್ಗೆ ನನ್ನ ತಕರಾರಿಲ್ಲ, ಅದು ಬೆಂಗಳೂರಿನ ಪುಣ್ಯ. ಆದರೆ ನಡೆಯೋದಕ್ಕೆ ಕಾರು ಬೇಕು ಅನ್ನೋ ಸ್ಥಿತಿಯನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟರೆ ಬೀದಿಯ ಮರ ಹೋದಾಗ ಕೇಳೋರು ಯಾರು? ತಾನು ನಡೆಯದ ಬೀದಿಯಲ್ಲಿ ಮರ ಬಿದ್ದರೆ ಅವನಿಗೆ ಪಾರ್ಕಿಂಗಿಗೆ ಜಾಗ ಆಯ್ತು ಅಂತಲೇ ಕಾಣೋದು. ಇಲ್ಲಿಂದಲೇ ನನ್ನ ಸಿಟ್ಟು ಶುರುವಾಗೋದು.

ನಮ್ಮ ಅಡ್ಡರಸ್ತೆಯಲ್ಲಿ ಎರಡು ವರ್ಷದ ಹಿಂದೆ ಒಂದು ದೊಡ್ಡ ಹೊಂಗೆ ಇತ್ತು. ಅದರ ಬುಡಕ್ಕೆ ಸಿಮೆಂಟು ಸುರಿದು ಫುಟ್‌ಪಾತ್ ಮಾಡಿದರು. ಆಮೇಲೆ ಒಂದು ಕಡೆಯ ಕೊಂಬೆಗಳು ವೈರಿಗೆ ತಾಗುತ್ತೆ ಅಂತ ಹೋದವು. ಇನ್ನೊಂದು ಕಡೆಗೆ ಭಾರವಾಗಿ ವಾಲಿದ ಮೇಲೆ "ಅಪಾಯ" ಅಂತ ಇಡೀ ಮರ ಹೋಯ್ತು. ಯಾರೂ ಕೆಟ್ಟವರಲ್ಲ, ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದರು. ಕೊನೆಗೆ ಮರ ಇಲ್ಲ. ಆ ಮರದ ಕೆಳಗೆ ಅಮ್ಮ ಮೊದಲ ಸಲ ಕೂರ್ತಿದ್ದ ಜಾಗ ಇತ್ತು. ಈಗ ಅವಳ ಮೊದಲ ನೆರಳು ಮುಂದಿನ ತಿರುವಿನಲ್ಲಿ. ಆರೋಗ್ಯವಾಗಿರೋರಿಗೆ ಅದು ಇನ್ನೂರು ಮೀಟರು, ಅಷ್ಟೇ. ಮಂಡಿ ನೋವಿನವರಿಗೆ ಅದು ಹೊರಗೆ ಹೋಗೋದಾ ಬೇಡವಾ ಅನ್ನೋ ತೀರ್ಮಾನ. ಹೋದ ವರ್ಷ ಮೇನಲ್ಲಿ ಎಷ್ಟೋ ದಿನ ಅವಳು "ಇವತ್ತು ಬೇಡ ಬಿಡು" ಅಂದಿದ್ದು ಅದಕ್ಕೇ.

ಕರ್ನಾಟಕದಲ್ಲಿ ಮರ ಸಂರಕ್ಷಣಾ ಕಾಯ್ದೆ 1976ರಿಂದಲೇ ಇದೆ. ನಿಮ್ಮ ಸ್ವಂತ ಜಾಗದ ಮರ ಕಡಿಯೋಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಹೋಗೋದಿದ್ದರೆ ಜನರಿಗೆ ತಿಳಿಸಿ, ಆಕ್ಷೇಪಣೆ ಕೇಳಬೇಕು. ಒಳ್ಳೇ ನಿಯಮ. 2025ರಲ್ಲಿ ನಮ್ಮ ಪಕ್ಕದಲ್ಲೇ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 368 ಮರಗಳ ಸುದ್ದಿ ಬಂದಾಗ ಜನ ಎದ್ದು ನಿಂತಿದ್ದು, ಮಾತು ಸರ್ಕಾರದ ತನಕ ಹೋಗಿದ್ದು ಎಲ್ಲ ಓದಿದ್ದೀವಿ. ಆದರೆ ಬೀದಿಯ ಮರಗಳು 50 ಒಟ್ಟಿಗೆ ಹೋಗೋದಿಲ್ಲ ಸ್ವಾಮಿ. ಒಂದು ಯುಗಾದಿಗೆ ಒಂದು, ದಸರಾ ಹೊತ್ತಿಗೆ ಇನ್ನೊಂದು, ಮಳೆಗಾಳಿಗೆ ಮತ್ತೆರಡು. ಐದು ವರ್ಷ ಬಿಟ್ಟು ನೋಡಿದರೆ ಬೀದಿ ಬೋಳು. ಆಕ್ಷೇಪಣೆಗೆ ಕರೆದ ನೋಟಿಸು ಒಂದೂ ಇಲ್ಲ. ಈ ತೂತು ಮುಚ್ಚಬೇಕು ಅನ್ನೋದು ನನ್ನ ಅಭಿಪ್ರಾಯ. ಒಂದು ಬೀದಿಯಲ್ಲಿ ಇಂತಿಷ್ಟು ವರ್ಷದಲ್ಲಿ ಹೋದ ಮರಗಳನ್ನೆಲ್ಲ ಕೂಡಿ ಲೆಕ್ಕ ಇಡಬೇಕು, ಒಂದು ಹೋದರೆ ಅದೇ ಬೀದಿಯಲ್ಲಿ ನೆರಳು ಕೊಡೋ ಜಾತಿಯದೇ ಇನ್ನೊಂದು ನೆಡಬೇಕು. ಊರಾಚೆ ಎಲ್ಲೋ ಹತ್ತು ಸಸಿ ನೆಟ್ಟರೆ ಅಮ್ಮ ಅಲ್ಲಿಗೆ ಹೋಗಿ ಕೂರೋಕಾಗುತ್ತಾ?

ಇದು ಭಾವುಕತೆ ಅಂತ ಅನ್ನೋರಿಗೆ ಒಂದು ಅಂಕಿ. ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಮರ ಇರೋ ರಸ್ತೆಯ ಭಾಗ, ಮರ ಇಲ್ಲದ ಭಾಗ ಎರಡನ್ನೂ ಹೋಲಿಸಿದಾಗ ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿಯ ತನಕ ವ್ಯತ್ಯಾಸ ಸಿಕ್ಕಿತು. ಟಾರಿನ ಮೇಲ್ಮೈಯಲ್ಲಿ 27.5 ಡಿಗ್ರಿಯ ತನಕ! ನಮ್ಮ ಆಫೀಸಿನಲ್ಲಿ ಎರಡು ಡಿಗ್ರಿಗೆ ಜಗಳ ಆಗುತ್ತೆ ಅಂತ ಮೊದಲೇ ಹೇಳಿದೆನಲ್ಲ.

ನಾನು, ಅಮ್ಮ ಹೊತ್ತು ನೋಡಿ ಹೊರಡೋರು. ಬಿಸಿಲಾದರೆ ಮನೇಲಿರ್ತೀವಿ. ಹೊತ್ತು ಆರಿಸಿಕೊಳ್ಳೋಕೆ ಆಗದವರು ಈ ಬೀದಿಗಳಲ್ಲಿ ನಮಗಿಂತ ಹೆಚ್ಚು ನಡೀತಾರೆ: ಕಸ ಗುಡಿಸೋ ಪೌರಕಾರ್ಮಿಕರು, ಮೂರು ಮನೆ ಕೆಲಸ ಮಾಡಿ ನಾಲ್ಕನೇ ಮನೆಗೆ ಒಂದು ಗಂಟೆ ಬಿಸಿಲಲ್ಲಿ ಹೊರಡೋ ಹೆಂಗಸರು, ಅಡ್ರೆಸ್ ಹುಡುಕ್ತಾ ನಿಂತಿರೋ ಡೆಲಿವರಿ ಹುಡುಗರು. ಪಾರ್ಕುಗಳು ಮೊದಲೆಲ್ಲ ಬೆಳಿಗ್ಗೆ ಹತ್ತಕ್ಕೆ ಬೀಗ ಹಾಕಿಕೊಳ್ತಿದ್ದವು. ಸರಿಯಾಗಿ ನೆರಳು ಬೇಕಾದ ಹೊತ್ತಿಗೆ ನೆರಳಿಗೆ ಬೀಗ! 2024ರ ಜೂನ್‌ನಲ್ಲಿ ಪಾಲಿಕೆಯ ಪಾರ್ಕುಗಳು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಬೇಕು ಅಂತ ಆದೇಶ ಆಯ್ತು. ಆಗ ಕೆಲವರು "ಕಂಡಕಂಡವರೆಲ್ಲ ಬಂದು ಮಲಗ್ತಾರೆ" ಅಂತ ಗೊಣಗಿದ್ದು ನೆನಪಿದೆ. ಮಲಗಲಿ ಬಿಡಿ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ, ಬೆಳಿಗ್ಗೆ ಐದರಿಂದ ಬೀದಿ ಗುಡಿಸಿದವರು ಮಳೆಮರದ ಕೆಳಗೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಪಾರ್ಕು ಸವೆಯೋಲ್ಲ. ಪ್ಲೇಗಿಗೆ ಹೆದರಿ ಗಾಳಿ ಬೆಳಕಿಗೆ ಜಾಗ ಬಿಟ್ಟ ಬಡಾವಣೆ ಇದು. ಈಗಿನ ಹೆದರಿಕೆ ಬಿಸಿಲಿನದು, ಅದಕ್ಕೆ ಬೇಕಾದ ಜಾಗವನ್ನೂ ಬಿಡಬೇಕಲ್ಲ.

2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿವೆ. ಯಾವ ಬಾಗಿಲು ತಟ್ಟಬೇಕು ಅಂತ ಹುಡುಕೋದೇ ಒಂದು ವಾಕಿಂಗ್ ಆಗಬಹುದು. ನಾನು ಮಾಡ್ತಿರೋದು ಸಣ್ಣ ಕೆಲಸ. ಅಮ್ಮನ ಜೊತೆ ನಡೆಯೋ ಮೂರು ದಾರಿಗಳನ್ನು ಕಾಗದದ ಮೇಲೆ ಬರೆದು, ಎಲ್ಲಿ ಮರ ಇದೆ, ಎಲ್ಲಿ ಇತ್ತು, ಎಲ್ಲಿ ಕೂರಬಹುದು ಅಂತ ಮೂರು ಬಣ್ಣದಲ್ಲಿ ಗುರುತು ಹಾಕ್ತಿದ್ದೀನಿ. ಕಂಪ್ಯೂಟರಿನಲ್ಲಿ ಮಾಡಬಹುದಿತ್ತು, ಆದರೆ ಅಮ್ಮನಿಗೆ ಪೆನ್ಸಿಲ್ ಕೊಟ್ಟರೆ ನಾನು ಬಿಟ್ಟಿದ್ದನ್ನೆಲ್ಲ ಅವಳು ತುಂಬ್ತಾಳೆ. ನಿಮ್ಮ ಬೀದಿಗೂ ಒಂದು ಮಾಡಿ ನೋಡಿ, ಎರಡು ಬೆಳಗಿನ ಕೆಲಸ. ನಮ್ಮ ಅಡ್ಡರಸ್ತೆಯ ಕಾಗದದಲ್ಲಿ ಸದ್ಯಕ್ಕೆ ನಾಲ್ಕು ಖಾಲಿ ಜಾಗ ಇದೆ, ಸಿಮೆಂಟು ಒಡೆದರೆ ಗುಂಡಿ ತೆಗೆಯಬಹುದಾದ್ದು. ಜೂನ್ ಮಳೆ ಹಿಡಿದ ಮೇಲೆ ಹೊಂಗೆ ಸಸಿಗೆ ಅರ್ಜಿ ಹಾಕಬೇಕು. ನಾಲ್ಕೂ ಉತ್ತರದ ಫುಟ್‌ಪಾತಿನಲ್ಲೇ ಇವೆ.